ಕುದುರೆಗೆ ಹೊರಗಿನ ಸಂಬಂಧ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮದುಮಗನನ್ನು ಹೊತ್ತು ಮೆರೆಯುವ ಮಾರವಾಡಿ ತಳಿಯ ಬಿಳಿ ಕುದುರೆಗಳ ಕುತ್ತಿಗೆಯಿಂದ ಬುಡಸಮೇತ ಕೂದಲು ಕೀಳುವುದು ಆಗ ನನ್ನ ಕೆಲಸ. ಆ ಕೂದಲನ್ನು ಪರೀಕ್ಷಿಸಿದರೆ ಈ ಕುದುರೆಗಳಲ್ಲಿ ಎಷ್ಟು ಬಗೆಯ ರಕ್ತ ಉಳಿದಿದೆ ಎಂಬುದು ತಿಳಿಯುತ್ತದೆ. "ಕೂದಲು ಕೀಳೋಕೆ ಇಷ್ಟು ಓದಬೇಕಿತ್ತೇನೇ?" ಎನ್ನುತ್ತಿದ್ದಳು ಅಮ್ಮ.

ಕುದುರೆಯವರದೆಲ್ಲ ಒಂದೇ ಹೆಮ್ಮೆ. ಮುಳಬಾಗಿಲಿನ ಮುದುಕ ಸಾಹೇಬರು ಎದೆ ತಟ್ಟಿಕೊಂಡರು: "ಅಸ್ಲಿ ಖಾಂದಾನು ಮೇಡಮ್ಮಾ, ಹೊರಗಿನ ರಕ್ತ ಒಂದು ತೊಟ್ಟೂ ಇಲ್ಲ." ಆಮೇಲೆ ದನಿ ತಗ್ಗಿಸಿ, ತಮ್ಮ ಕುದುರೆ ಹಾಕಿದ ಮರಿಗಳು ಉಳಿಯುತ್ತಿಲ್ಲ ಎಂದರು. ಯಾರದೋ ನಜರು ತಗುಲಿದೆಯಂತೆ.

ನಜರಲ್ಲ ಎಂದು ಪರೀಕ್ಷೆ ಹೇಳಿತು. ಮರಿ ಬೆಳ್ಳಗಿರಲಿ ಎಂದು ನಾಲ್ಕೂ ಊರಿನವರು ತಲೆಮಾರುಗಳಿಂದ ಹೆಣ್ಣು ಕುದುರೆಗಳನ್ನು ಒಂದೇ ಮನೆತನದ ಗಂಡು ಕುದುರೆಗಳಿಗೆ ಕೂಡಿಸುತ್ತ ಬಂದಿದ್ದರು. ಈಗ ಎಲ್ಲವೂ ಅಣ್ಣತಂಗಿಯರಷ್ಟೇ ಹತ್ತಿರ. ಹೊರಗಿನ ಗಂಡು ಕುದುರೆ ಹುಡುಕಿ ಎಂದೆ. ಸಾಹೇಬರು ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದರು.

ಇತ್ತ ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ನನಗೂ ಸಂಬಂಧ ಗೊತ್ತಾಗಿತ್ತು. ಬೇರೆ ಯಾರೂ ಅಲ್ಲ, ಅಮ್ಮನ ತಮ್ಮ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾವಿನ ತೋಟ ಸುತ್ತಿಸಿದ ಸೋದರಮಾವ. ಅಜ್ಜಿಯೇ ಅತ್ತೆ, ಅಮ್ಮನೇ ನಾದಿನಿ. ಹೊಸದಾಗಿ ಯಾರನ್ನೂ ಪರಿಚಯ ಮಾಡಿಕೊಳ್ಳುವ ತಾಪತ್ರಯವಿಲ್ಲ. ಅಮ್ಮನೂ ತನ್ನ ಸೋದರಮಾವನನ್ನೇ ಕಟ್ಟಿಕೊಂಡವಳು. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ. ಅದೂ ದೃಷ್ಟಿಯಂತೆ.

ಕುದುರೆಗಳ ವಿಷಯ ಅಮ್ಮನಿಗೆ ಬಿಡಿಸಿ ಹೇಳಿದೆ. ನನಗೆ ನಿಜವಾಗಿಯೂ ಭಯವಾಗುತ್ತಿತ್ತು.

"ಕುದುರೆಗೇನು ತೋಟ ಐತಾ, ಹೊರಗಿನೋರ ಪಾಲಾಗೋಕೆ? ಸುಮ್ಕಿರೇ" ಎಂದಳು.

ವರ್ಷ ಕಳೆದ ಮೇಲೆ ಸಾಹೇಬರು ಸಿಹಿ ಹಿಡಿದು ಮನೆಗೇ ಬಂದರು. ಮರಿ ಹುಟ್ಟಿತ್ತು. ಬಣ್ಣ ಕಂದು, ಮದುವೆ ಮೆರವಣಿಗೆಗೆ ಯಾರೂ ಕರೆಯುವುದಿಲ್ಲ. "ಆದ್ರೆ ಹುಟ್ಟಿದ ಕೂಡ್ಲೇ ಎದ್ದು ನಿಂತ್ಕೊಂತಮ್ಮಾ!" ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಅಮ್ಮ ಹಿಗ್ಗಿಹೋದಳು. "ನನ್ ಮಗಳ ಮಾತು ಸುಳ್ಳಾಗಲ್ಲ ಸಾಬ್ರೇ. ಇವಳ ಮದುವೆಗೆ ನಿಮ್ ಕುದುರೆನೇ ಬರ್ಬೇಕು."

"ಬರ್ತೀವಮ್ಮಾ. ಗಂಡು ಯಾವೂರು?"

"ಯಾವೂರೇನು? ಒಳಗೇ ಮಲ್ಗವ್ನೆ!"

ಸಾಹೇಬರು ನನ್ನ ಮುಖ ನೋಡಿದರು. ಅಮ್ಮ ಕೊಟ್ಟ ಕಾಫಿ ಅವರ ಕೈಯಲ್ಲೇ ಆರುತ್ತಿತ್ತು.

"ನಾನು ಮಾವನನ್ನು ಮಾಡ್ಕೊಳ್ಳಲ್ಲಮ್ಮ" ಎಂದೆ, ಎಲ್ಲರಿಗೂ ಕೇಳುವಂತೆ. ಒಳಗಿನ ಗೊರಕೆ ನಿಂತಿತು. ಸ್ವಲ್ಪ ಹೊತ್ತಿಗೆ ಮಾವ ಎದ್ದು ಬಂದು, ನನ್ನ ಕಡೆ ನೋಡದೆ, ಸಾಹೇಬರ ಸಿಹಿ ತೆಗೆದು ಬಾಯಿಗೆ ಹಾಕಿಕೊಂಡ. ಅವನ ಮುಖದಲ್ಲಿದ್ದುದು ನಿರಾಳವೇ ಎಂದು ಇಂದಿಗೂ ನಂಬಿದ್ದೇನೆ.

ಅಮ್ಮ ಮಾತ್ರ ಈಗಲೂ ಬೀದಿಯವರಿಗೆಲ್ಲ ಹೇಳುತ್ತಾಳೆ: "ಊರ ಕುದುರೆಗೆಲ್ಲ ಸಂಬಂಧ ಹುಡುಕಿ ಕೊಟ್ಳು. ಮನೇಲೇ ಇದ್ದ ಗಂಡು ಮಾತ್ರ ಇವಳ ಕಣ್ಣಿಗೆ ಕಾಣ್ಲಿಲ್ಲ."