ಹತ್ತನೆಯ ಡೋಸು

ದೊಡ್ಡ ಸಿಸ್ಟರ್ ಎಂದರೆ ಆಸ್ಪತ್ರೆಗೇ ಒಂದು ಹೆದರಿಕೆ. ಹತ್ತಿಯ ತುಂಡು ನೆಲಕ್ಕೆ ಬಿದ್ದರೂ ಹುಬ್ಬು ಗಂಟಿಕ್ಕುವ ಹೆಂಗಸು. ಲಸಿಕೆಯ ಒಂದು ಸೀಸೆಯಲ್ಲಿ ಹತ್ತು ಜನಕ್ಕಾಗುವಷ್ಟು ಮದ್ದು. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು, ಉಳಿದದ್ದನ್ನು ಚೆಲ್ಲಬೇಕು. ಮೂವತ್ತು ವರ್ಷದಲ್ಲಿ ತಾನೊಂದು ಹನಿಯನ್ನೂ ಚೆಲ್ಲಿಲ್ಲ ಎಂದು ಅವಳು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದಳು. ಆ ಜಂಬವೇ ಈಗ ಅವಳನ್ನು ಕಾಡುತ್ತಿದೆ.

ಅವತ್ತು ಸಂಜೆ ಒಂದು ಡೋಸು ಉಳಿದಿತ್ತು. ಹೆಸರು ಬರೆಯುವ ಗುಮಾಸ್ತ ರಿಜಿಸ್ಟರ್ ಮುಚ್ಚಿಟ್ಟು ಮನೆಗೆ ಹೋಗಿದ್ದ. ಸಿಸ್ಟರ್ ಬಾಗಿಲಿಗೆ ಬಂದು ಅತ್ತಿತ್ತ ನೋಡಿದಳು. ಎದುರಿನ ಮೂಲೆಯಲ್ಲಿ ಬೀಗ ರಿಪೇರಿಯವನು ತನ್ನ ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದ. "ಅಣ್ಣಾ, ಒಂದ್ನಿಮಿಷ ಇಲ್ಲಿ ಬನ್ನಿ," ಎಂದು ಕೂಗಿದಳು. ಅವನು ತಿರುಗಿ ನೋಡಿ, ನಕ್ಕು, ಅಂಗಿಯ ತೋಳು ಮಡಿಸುತ್ತಲೇ ಬಂದ. ಸೂಜಿ ಚುಚ್ಚಿ ಕಳಿಸಿದ ಮೇಲೆ, ಹೆಸರು ಬರೆಯುವುದು ಗುಮಾಸ್ತನ ಕೆಲಸವೆಂದು ಬಿಟ್ಟು, ರಿಜಿಸ್ಟರಿನಲ್ಲಿ ವ್ಯರ್ಥ ಎಂದಿದ್ದ ಕಡೆ ಮಾತ್ರ ಎಂದಿನಂತೆ ಸೊನ್ನೆ ಹಾಕಿದಳು.

ಮೂರನೇ ವಾರಕ್ಕೆ ಅವನ ಕಾಲುಗಳ ಬಲ ಹೋಯಿತು. ಲಸಿಕೆಯಿಂದಲೇ ಎಂದರು ಒಬ್ಬ ಡಾಕ್ಟರು. ಬರೀ ಕಾಕತಾಳೀಯ, ಇದು ಬೇರೆಯೇ ಕಾಯಿಲೆ ಎಂದರು ಇನ್ನೊಬ್ಬರು. ಇಬ್ಬರ ಮಾತಿನಿಂದಲೂ ಸಿಸ್ಟರಿಗೆ ನಿದ್ದೆ ಬರಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಕಿವಿಯಲ್ಲಿ ಅವಳದೇ ಕೂಗು. ಬೀದಿಯಲ್ಲಿ ಯಾರು ಯಾರನ್ನು ಕರೆದರೂ, ತಿರುಗಬೇಡಪ್ಪಾ ಎಂದು ಅವಳ ಜೀವ ಬಾಯಿಗೆ ಬರುತ್ತಿತ್ತು.

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ: "ಅಷ್ಟು ಜನ ಓಡಾಡೋ ಬೀದೀಲಿ ಸಿಸ್ಟರು ನನ್ನೊಬ್ಬನ್ನೇ ಕರೆದ್ರು. ನಂಗೆ ರೋಗ ಬರಬಾರ್ದು ಅನ್ನೋ ಅಕ್ಕರೆ. ಆಮೇಲಿಂದು ನನ್ನ ಹಣೇಬರಹ, ಬಿಡಿ."

ಅವನ ಹೆಂಡತಿ ಹಾಕಿದ ಪರಿಹಾರದ ಅರ್ಜಿ ಎರಡು ಸಲ ವಾಪಸು ಬಂದಿತ್ತು. ರಿಜಿಸ್ಟರಿನಲ್ಲಿ ಅವನ ಹೆಸರೇ ಇಲ್ಲ. ಸೂಜಿ ಚುಚ್ಚಿದ್ದಕ್ಕೇ ಸಾಕ್ಷಿಯಿಲ್ಲ. ಕೊನೆಯ ವಿಚಾರಣೆಗೆ ಸಿಸ್ಟರ್ ತಾನಾಗಿಯೇ ಹೋದಳು.

ಅಧಿಕಾರಿ ರಿಜಿಸ್ಟರ್ ಬಿಡಿಸಿಟ್ಟುಕೊಂಡಿದ್ದರು. "ಒಂಬತ್ತು ಹೆಸರಿದೆ. ವ್ಯರ್ಥ ಅನ್ನೋ ಕಡೆ ಸೊನ್ನೆ ಹಾಕಿದ್ದೀರಿ. ಹತ್ತನೇದು ಇವರಿಗೇ ಅಂತೀರಾ?"

"ಹೌದು ಸಾರ್. ನಾನೇ ಕೊಟ್ಟೆ."

"ಲೈನಲ್ಲಿ ನಿಲ್ಲದವರನ್ನ ಯಾಕೆ ಕರೆದ್ರಿ? ಕಾರಣ ಹೇಳದಿದ್ರೆ ನಂಬೋದು ಹೇಗೆ?"

ಪಕ್ಕದಲ್ಲಿ ಬೀಗದವನು ಮುಖ ಅರಳಿಸಿಕೊಂಡು ಕೂತಿದ್ದ, ಉತ್ತರ ತನಗೆ ಮೊದಲೇ ಗೊತ್ತು ಎಂಬಂತೆ. ಅಕ್ಕರೆ ಎಂದುಬಿಟ್ಟರೆ ಅವನಿಗೆ ಸಮಾಧಾನ. ಆದರೆ ಅಕ್ಕರೆಗೆ ಕಚೇರಿಯಲ್ಲಿ ಪುರಾವೆ ಎಲ್ಲಿಂದ ತರುವುದು? ಪುರಾವೆ ಇದ್ದದ್ದು ಆ ಸೊನ್ನೆಗೆ. ಸಿಸ್ಟರ್ ಅಧಿಕಾರಿಯ ಕಡೆಗೇ ನೋಡುತ್ತ ಹೇಳಿದಳು.

"ಚೆಲ್ಲೋಕೆ ಮನಸ್ಸಾಗಲಿಲ್ಲ ಸಾರ್. ಒಂದು ಉಳಿದಿತ್ತು. ನಾನು ಯಾವತ್ತೂ ಚೆಲ್ಲಿದವಳಲ್ಲ, ಹಳೇ ರಿಜಿಸ್ಟರೆಲ್ಲ ತೆಗೆಸಿ ನೋಡಿ. ಬಾಗಿಲಲ್ಲಿ ನಿಂತಾಗ ಕಣ್ಣಿಗೆ ಬಿದ್ದವರನ್ನ ಕರೆದೆ."

ಅಧಿಕಾರಿ ಹಳೆಯವನ್ನೂ ತರಿಸಿ ನೋಡಿದರು. ಎಲ್ಲ ಪುಟದಲ್ಲೂ ಸೊನ್ನೆ. ಮಧ್ಯಾಹ್ನದೊಳಗೆ ಒಪ್ಪಂದದ ಕಾಗದ ಬಂತು: ಕಾರಣ ಸಾಬೀತಾಗಿಲ್ಲ, ತಪ್ಪು ಯಾರದೂ ಅಲ್ಲ, ಆದರೂ ಪರಿಹಾರ ಕೊಡಲಾಗುವುದು. ಹೆಂಡತಿ ಅತ್ತು ಸಿಸ್ಟರ್ ಕೈ ಹಿಡಿದುಕೊಂಡಳು. ಬೀಗದವನು ತೋರಿಸಿದಲ್ಲೆಲ್ಲ ಸಹಿ ಹಾಕಿದ.

ಹೊರಗಿನ ಪಡಸಾಲೆಯಲ್ಲಿ ಕುರ್ಚಿ ನಿಲ್ಲಿಸಿ ಕೇಳಿದ. "ಹಾಗಾದ್ರೆ ಅವತ್ತು ಯಾರು ಹೋಗ್ತಿದ್ರೂ ಕರೀತಿದ್ರಿ, ಅಲ್ವಾ ಸಿಸ್ಟರ್?"

"ಹೌದು."

"ನನ್ನ ಹೆಸರಾದ್ರೂ ಗೊತ್ತಿತ್ತಾ?"

"ಇಲ್ಲ. ನಿಮ್ಮ ಅರ್ಜೀಲಿ ಓದಿದ ಮೇಲೇ ಗೊತ್ತಾಗಿದ್ದು."

ಅವನು ಗಾಲಿಗಳನ್ನು ತಾನೇ ತಿರುಗಿಸಿಕೊಂಡು, ಹೆಂಡತಿಗೂ ಕಾಯದೆ, ಪಡಸಾಲೆಯ ಉದ್ದಕ್ಕೂ ಹೊರಟುಹೋದ.