ಟಿಕ್ ಹಾಕಿದ ಈಜು

ಬೆನ್ನಿಗೆ ಹಾಕುವ ಚೀಲದಿಂದ ಶೇಂಗಾ ಚಟ್ನಿಪುಡಿಯ ವಾಸನೆ ಬಂದರೆ ಯಾರಿಗಾದರೂ ಹಸಿವಾಗಬೇಕು. ನನಗೆ ಮೊನ್ನೆ ಶನಿವಾರ ಎದೆ ಧಸಕ್ಕೆಂದಿತು. ಶಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನ ನಮ್ಮ ಬಡಾವಣೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಒಂದೇ ದಿನ ಗರಾಜ್ ತೆರೆದು ಬೇಡದ ಸಾಮಾನು ಮಾರಲು ಇಡುತ್ತಾರೆ. ನಾನೂ ಇಡ್ಲಿ ಸ್ಟ್ಯಾಂಡಿನಿಂದ ಹಿಡಿದು, ಯಾರೂ ಓಡದ ಟ್ರೆಡ್‌ಮಿಲ್‌ವರೆಗೆ ಎಲ್ಲವನ್ನೂ ಹೊರಗೆಳೆದಿದ್ದೆ. ಗರಾಜಿನ ಅಟ್ಟದ ಮೂಲೆಯಲ್ಲಿ ಆ ಹಸಿರು ಚೀಲ ಸಿಕ್ಕಿತು. ಮೂರು ವರ್ಷದಿಂದ ಅದರ ಮುಖ ನೋಡಿರಲಿಲ್ಲ. ಮಾರುವ ಮುಂಚೆ ಒಳಗೆ ಕೈಯಾಡಿಸಿ ನೋಡೋಣವೆಂದು ಜಿಪ್ ಎಳೆದರೆ, ಬೆಳ್ಳುಳ್ಳಿ ಘಾಟಿನ ಸಮೇತ ಗಿರಿಜಕ್ಕ ಎದುರಿಗೆ ಬಂದು ನಿಂತ ಹಾಗಾಯಿತು.

ಗಿರಿಜಕ್ಕ ಧಾರವಾಡದವರು, ಮಿಷಿಗನ್ನಿನ ಕ್ಯಾಂಟನ್‌ನಲ್ಲಿ ಮನೆ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಆಸ್ಪತ್ರೆಯ ಬಿಳಿ ಟೇಪಿನ ಮೇಲೆ ಹೆಸರು ಬರೆದು ಅಂಟಿಸುವ ಚಾಳಿ ಬಿಡಲಿಲ್ಲ. ಅವರ ಅಡುಗೆಮನೆಯಲ್ಲಿ ಹೆಸರಿಲ್ಲದ ಡಬ್ಬಿಯೇ ಇಲ್ಲ. ಉಪ್ಪಿನ ಮೇಲೆ ಉಪ್ಪು, ಸಕ್ಕರೆಯ ಮೇಲೆ ಸಕ್ಕರೆ, ಗಂಡ ಶಂಕ್ರಣ್ಣನ ಕನ್ನಡಕದ ಪೆಟ್ಟಿಗೆಯ ಮೇಲೆ ‘ಇಲ್ಲೇ ಐತಿ’.

ನನ್ನನ್ನು ತಂಗಿ ಎಂದೇ ಕರೆಯುವ ಅವರು ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದರು.

“ತಂಗಿ, ನನಗ ಅರವತ್ತೆರಡು ಆತು. ಮಂದಿನ್ನ ನಿದ್ದಿ ಮಾಡಸೂದರಾಗ ಆಯುಷ್ಯ ಹೋತು. ಈಗರೆ ನಾ ಎಚ್ಚರಾಗಬೇಕು. ಯೂಟಾದ ಮರುಭೂಮಿಯೊಳಗ ಒಂದು ಕಣಿವಿ ಐತಿ. ಹೊಳಿಯೊಳಗ ನಡಕೋತ ಹೋಗೂದು, ಐದು ದಿನ. ಬರತೀಯೇನ?”

“ಬರ್ತೀನಿ ಗಿರಿಜಕ್ಕ,” ಎಂದೆ. ಮೊದಲು ಹ್ಞೂಂ ಅನ್ನುವುದು, ಆಮೇಲೆ ಬೆವರುವುದು ನನ್ನ ಹುಟ್ಟುಗುಣ.

ಅಲ್ಲಿಂದ ಪ್ರತಿ ಭಾನುವಾರ ನಮಗೆ ಎಂಟು, ಅವರಿಗೆ ಒಂಬತ್ತು ಗಂಟೆಗೆ ತಯಾರಿಯ ಮಾತು. ವಾರಕ್ಕೊಂದು ಆಘಾತ. “ಅಲ್ಲಿ ಬಾತ್‌ರೂಮ್ ಇರಂಗಿಲ್ಲ. ಮಣ್ಣಾಗ ಹೂಳಾಕೂ ಬಿಡಂಗಿಲ್ಲ. ನಮ್ಮದನ್ನ ನಾವ ಚೀಲದಾಗ ಕಟ್ಟಿ ಹೊತ್ಕೊಂಡು ಬರಬೇಕು,” ಎಂದರು ಒಂದು ದಿನ.

ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟೆ. ಮಡಿಬಟ್ಟೆ ಮುಟ್ಟಿದ್ದಕ್ಕೇ ಬೈಸಿಕೊಂಡು ಮೈಸೂರಿನಲ್ಲಿ ಬೆಳೆದವಳು ನಾನು. “ಅಯ್ಯೋ, ಚಪಾತಿ ಇರೋ ಬ್ಯಾಗಲ್ಲೇನಾ?”

“ಟೇಪ್ ಹಚ್ಚತೀನಿ ತಗೋ. ಅದಲುಬದಲು ಆಗಂಗಿಲ್ಲ.”

ಇನ್ನೊಂದು ವಾರ ಪ್ರವಾಹದ ವಿಷಯ. ನಮ್ಮ ತಲೆಯ ಮೇಲೆ ಸುಡುಬಿಸಿಲಿದ್ದರೂ ಐವತ್ತು ಮೈಲಿ ಆಚೆ ಮಳೆ ಬಿದ್ದರೆ ಸಾಕಂತೆ, ಗೋಡೆಯೆತ್ತರದ ನೀರು ನುಗ್ಗಿ ಬರುತ್ತದಂತೆ. “ಆಗೇನ್ ಮಾಡ್ಬೇಕು?” “ಏರಬೇಕು.” “ಎಲ್ಲಿಗೆ?” “ಮ್ಯಾಲ.” ಅಷ್ಟೇ ಉತ್ತರ. ನಾನು ಮಾತ್ರ ಪ್ರತಿ ಸಲ ಹೊರಳಿ ಹೊರಳಿ ಒಂದೇ ಪ್ರಶ್ನೆಗೆ ಬರುತ್ತಿದ್ದೆ: ನೀರು ಎಷ್ಟು ಆಳ? ಮಂಡಿಯವರೆಗೋ, ಸೊಂಟದವರೆಗೋ? ಎರಡು ಕಡೆ ಈಜಿಯೇ ದಾಟಬೇಕು ಎಂದು ಗೊತ್ತಾದ ಮೇಲೂ, ಆಳ ಕಡಿಮೆಯಾಗಿರಬಹುದೆಂಬ ಆಸೆಯಿಂದ ಕೇಳುತ್ತಲೇ ಇದ್ದೆ.

ಯಾಕೆಂದರೆ ನನಗೆ ಈಜು ಬರುವುದಿಲ್ಲ. ನಮ್ಮನ್ನು ಕರೆದೊಯ್ಯುವ ತಂಡದವರು ಕಳಿಸಿದ ಫಾರ್ಮಿನಲ್ಲಿ ‘ಈಜು ಬರುತ್ತದೆಯೇ?’ ಎಂದಿತ್ತು. ‘ಹೌದು’ ಎಂಬಲ್ಲಿ ಟಿಕ್ ಹಾಕಿದೆ. ಓದುಗರೇ, ನಾನು ಇನ್ಶೂರೆನ್ಸ್ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸವೇ ಇನ್ನೊಬ್ಬರು ಫಾರ್ಮಿನಲ್ಲಿ ಬರೆದ ಸುಳ್ಳನ್ನು ಹಿಡಿಯುವುದು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆಗ ಮಾತ್ರ, ಹೇಗೋ ಅಡ್ಜಸ್ಟ್ ಆಗುತ್ತದೆ ಅನ್ನಿಸಿತ್ತು.

ಮೇ ತಿಂಗಳಲ್ಲಿ ಭಾರ ಹೊರುವ ತಾಲೀಮಿಗೆಂದು ಕ್ಯಾಂಟನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಗಿರಿಜಕ್ಕ ಹಿಂದಿನ ಸಂಜೆಯೇ ಕಣಿವೆಗೆ ಒಯ್ಯುವ ಸಾಮಾನನ್ನೇ ತುಂಬಿ ಎರಡೂ ಚೀಲ ಕಟ್ಟಿಟ್ಟಿದ್ದರು. ತೂಕಕ್ಕೆಂದು ಒಬ್ಬೊಬ್ಬರಿಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಅಕ್ಕಿಚೀಲ. ಬೆಳಿಗ್ಗೆ ಪ್ಲಿಮತ್‌ನ ಹೊಳೆಯಂಚಿನ ದಾರಿಯಲ್ಲಿ ಹೊರಟೆವು. ನಾಯಿ ಹಿಡಿದು ಬಂದವರೆಲ್ಲ ನಮಗೆ ದಾರಿ ಬಿಟ್ಟುಕೊಡುತ್ತಿದ್ದರು. ಮೂರನೆಯ ಮೈಲಿಯಲ್ಲಿ ಗಿರಿಜಕ್ಕ ನಿಂತರು. ಮುಖ ಬೆಳ್ಳಗಾಗಿತ್ತು. ಸೊಂಟದ ಪುಟ್ಟ ಪರ್ಸಿನಿಂದ ಸಾಸಿವೆಯಷ್ಟು ಮಾತ್ರೆ ತೆಗೆದು ನಾಲಿಗೆಯ ಕೆಳಗಿಟ್ಟರು.

“ಏನದು?”

“ಗ್ಯಾಸಿಂದು.”

ನಮ್ಮಪ್ಪ ಹತ್ತು ವರ್ಷ ಎದೆನೋವಿಗೆ ಅದೇ ಮಾತ್ರೆ ಇಟ್ಟುಕೊಂಡವರು. ಬೆಂಚಿನ ಮೇಲೆ ಕೂರಿಸಿ, ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟರು. ಹಿಂದಿನ ವರ್ಷ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರಂತೆ.

“ಫಾರ್ಮಲ್ಲಿ ಬರೀಲಿಲ್ವಾ?”

“ಬರದರ ಬಿಡತಾರೇನ, ಹುಚ್ಚಿ? ಡಾಕ್ಟರ್ ಇದ್ದೀನಿ, ನನ್ನ ಎದಿ ನನಗ ಗೊತ್ತೈತಿ.”

ಮನೆಗೆ ಕರೆತಂದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವಿರಲಿಲ್ಲ. ಯೂಟಾದ ಪ್ರವಾಸವೆಂದರೆ ಬರೀ ಊರಾಚೆಯ ವಾಕಿಂಗ್ ಅಂತಲೇ ತಿಳಿದಿದ್ದ ಶಂಕ್ರಣ್ಣನ ಎದುರು, ಊಟದ ಮೇಜಿನಲ್ಲಿ, ನಾನು ನ್ಯಾಯಾಧೀಶೆಯಾದೆ. “ಇದು ಎಂಥಾ ಮೋಸ ಗಿರಿಜಕ್ಕ? ಆ ಕಣಿವೇಲಿ ಫೋನ್ ಇಲ್ಲ, ದಾರಿ ಇಲ್ಲ. ನಿಮಗೇನಾದ್ರೂ ಆಗಿದ್ರೆ ನನ್ ಗತಿ ಏನು? ಫಾರ್ಮಲ್ಲಿ ಸುಳ್ಳು ಬರೆಯೋದು ಅಂದ್ರೆ ಬೇರೆಯವರ ಪ್ರಾಣದ ಜೊತೆ ಆಟ ಆಡಿದ ಹಾಗೆ!” ಎಂದೆ. ಶಂಕ್ರಣ್ಣ ಕೈಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿಬಿಟ್ಟರು. ಗಿರಿಜಕ್ಕ ಒಮ್ಮೆ ನನ್ನ ಮುಖ ನೋಡಿದರು. ನನ್ನ ತಟ್ಟೆಗೆ ಬೆಣ್ಣೆ ಹಾಕಿದರು.

ಅಂದು ವಾಪಸು ಬರುವಾಗ, ಐದು ಗಂಟೆಯ ದಾರಿಯಲ್ಲಿ, ನಾನು ಹಾಡು ಗುನುಗುತ್ತಿದ್ದೆ. ಪ್ರವಾಸ ರದ್ದು, ಈಜಬೇಕಾಗಿಲ್ಲ! ತಪ್ಪೂ ನನ್ನದಲ್ಲ! ಮನೆಗೆ ಬಂದು ಅಕ್ಕಿ ತೆಗೆದು ಅನ್ನ ಮಾಡಿಕೊಂಡು ಉಂಡೆ, ಉಳಿದದ್ದೇನೆಂದು ನೋಡದೆ ಚೀಲವನ್ನು ಅಟ್ಟಕ್ಕೆಸೆದೆ. ಭಾನುವಾರದ ಫೋನು ಎರಡು ವಾರ ತಪ್ಪಿತು, ಆಮೇಲೆ ನಿಂತೇಹೋಯಿತು. ಉಳಿದದ್ದು ದೀಪಾವಳಿಗೊಂದು ಫಾರ್ವರ್ಡ್ ಮೆಸೇಜು.

ಈಗ ಆ ಚೀಲದಲ್ಲಿ ‘ಚಟ್ನಿಪುಡಿ, ದಿನ ೩’ ಎಂಬ ಪೊಟ್ಟಣದ ಕೆಳಗೆ ಮೆತ್ತಗಿನದೇನೋ ಕೈಗೆ ಸಿಕ್ಕಿತು. ಎಳೆದೆ. ಕಿತ್ತಳೆ ಬಣ್ಣದ ಒಂದು ಜೊತೆ ಪ್ಲಾಸ್ಟಿಕ್ ಪಟ್ಟಿ, ಗಾಳಿ ಊದಿ ತೋಳಿಗೆ ಹಾಕಿಕೊಳ್ಳುವಂಥವು, ಈಜು ಬಾರದವರಿಗೆ. ದೊಡ್ಡವರ ಅಳತೆ. ಮೇಲೆ ಬಿಳಿ ಟೇಪು, ಗಿರಿಜಕ್ಕನ ದುಂಡಕ್ಷರ: ‘ತಂಗಿ. ನೀರಿಗೆ.’

ಟ್ರೆಡ್‌ಮಿಲ್ ಮೇಲೆ ಕುಸಿದು ಕೂತೆ. ತಾಲೀಮಿನ ಹಿಂದಿನ ಸಂಜೆಯೇ ಇದನ್ನು ಇಟ್ಟಿದ್ದಾರೆ. ಎಂದರೆ, ಊಟದ ಮೇಜಿನಲ್ಲಿ ನಾನು ಅಬ್ಬರಿಸುವಾಗ ಅವರಿಗೆ ಗೊತ್ತಿತ್ತು. ಎತ್ತುತ್ತಾರೋ ಇಲ್ಲವೋ ಎಂದುಕೊಂಡೇ ಫೋನ್ ಮಾಡಿದೆ.

“ಗಿರಿಜಕ್ಕ, ನನಗೆ ಈಜು ಬರಲ್ಲ.”

“ಗೊತ್ತೈತಿ ತಗೋ. ಈಜು ಬರಾಕಿ ನೀರು ಎಷ್ಟು ಆಳ ಅಂತ ಪ್ರತಿ ವಾರ ಕೇಳತಾಳೇನ?”

“ಮತ್ತೆ ಅವತ್ತು ಯಾಕೆ ಸುಮ್ನಿದ್ರಿ? ನಾನು ಅಷ್ಟೆಲ್ಲ ಅಂದಾಗ?”

“ಇವರ ಮುಂದ ಹೆಂಗ ಹೇಳೂದು? ನಿನ್ನ ಮರ್ಯಾದಿ ಹೋಗತಿತ್ತಲ್ಲ.”

ನನಗೆ ಅಳು ಬಂತು. ಅಳುತ್ತಲೇ, “ಎದೆ ಹೇಗಿದೆ?” ಎಂದೆ. ಮೂರು ವರ್ಷದಲ್ಲಿ ಮೊದಲ ಸಲ ಕೇಳಿದ್ದು. “ಬಡಕೋತ ಐತಿ. ಅದನ್ನ ಬಿಡು, ಯಾವಾಗ ಬರತಿ?” ಎಂದರು.

ಅರ್ಧ ಗಂಟೆಯ ಮೇಲೆ ಫೋನ್ ಇಟ್ಟು ತಿರುಗಿದರೆ ಮಗಳು ನನ್ನನ್ನೇ ದಿಟ್ಟಿಸುತ್ತಿದ್ದಳು. “ಅಮ್ಮಾ, ವೈ ಆರ್ ಯೂ ವೇರಿಂಗ್ ದೋಸ್?” ನೋಡಿಕೊಂಡೆ. ಮಾತಿನ ನಡುವೆ ಯಾವಾಗಲೋ ಎರಡನ್ನೂ ಊದಿ ತೋಳಿಗೇರಿಸಿಕೊಂಡುಬಿಟ್ಟಿದ್ದೆ. ಅಳತೆ ಸರಿಯಾಗಿತ್ತು.