ಚಂಪಿಯ ಕೌದಿಯೊಳಗಿನ ಸೂಜಿ

ಇವತ್ತು ನಮ್ಮ ನಾಯಿಯ ಹರಿದ ಹಾಸಿಗೆಗೆ ಉಳಿದ ಹೊಸ ಬಟ್ಟೆ ಹಚ್ಚಿ ಹೊಲಿಯುವಾಗ ಬಟ್ಟೆಗೆ ಹಾಕಿದ ಗಂಜಿಯ ವಾಸನೆ ಬಂತು. ಬನಹಟ್ಟಿಯ ನಮ್ಮ ಮಗ್ಗದ ಮನೆ ನೆನಪಾಯಿತು.

ನಾನು ಸಣ್ಣವನಿದ್ದಾಗ ಆ ಮನೆಯ ನಾಯಿ ಚಂಪಿ ಮರಿ ಹಾಕಿದ ಮರುದಿನ ಅಜ್ಜಿ ಅದರ ಕೌದಿಗೆ ಸೀರೆಯ ತುಂಡು ಹಚ್ಚಿ ಹೊಲಿದಳು. ಮುಗಿದಾಗ ಸೂಜಿ ಕಾಣಲಿಲ್ಲ. ಅಷ್ಟರಲ್ಲಿ ಚಂಪಿ ಒಂದು ಮರಿಯನ್ನು ಕೌದಿಯ ಮೇಲೆ ಮಲಗಿಸಲು ಬಾಯಲ್ಲಿ ಕಚ್ಚಿಕೊಂಡು ಬಂದೇಬಿಟ್ಟಿತು.

“ಹಿಡಿಲೇ ಅದನ್ನ. ಕಣ್ಣು ಬಿಡದ ಕೂಸದಾವ, ಚುಚ್ಚಿದ್ರ ಹೇಳಾಕ ಬರೂದಿಲ್ಲ,” ಅಂದಳು ಅಜ್ಜಿ.

ನಾನು ಚಂಪಿಯ ಕೊರಳು ಹಿಡಿದೆ. ಅದು ಗುರ್ ಅಂದಿತು. ಅಜ್ಜಿ ಕೌದಿಯ ಮೇಲೆ ಮಲಗಿ, ಗುಡಿಯಲ್ಲಿ ಹರಕೆ ತೀರಿಸುವವಳ ಹಾಗೆ ಉರುಳತೊಡಗಿದಳು. ಮೂರನೇ ಸಲ ತಟ್ಟನೆ ನಿಂತಳು.

“ಸಿಕ್ಕತು ನೋಡ,” ಅಂತ ಬೆನ್ನಿನಿಂದ ಸೂಜಿ ಕಿತ್ತಳು.

ಇವತ್ತು ಸೂಜಿಯನ್ನು ಡಬ್ಬಿಗೆ ಹಾಕಿದ ಮೇಲೂ ನಾನು ನಾಯಿಯ ಹಾಸಿಗೆಯ ಮೇಲೆ ಉರುಳಿದೆ.

“ಇದನ್ನ ನಾಯಿಗೆ ಹೊಲಿದ್ರ್ಯೋ, ನಿಮಗ ಹೊಲಕೊಂಡ್ರ್ಯೋ?” ಅಂದಳು ಹೆಂಡತಿ.